ಲಿಂಗಪ್ಪ ಆಡಿದ ಒಂದೇ ಮಾತು

ತದಡಿಯಿಂದ ಹೊಳೆಗುಂಟ ಮೇಲಕ್ಕೆ ಬಂದರೆ ಒಂದು ಗಜನಿಯ ಒಡ್ಡು ಸಿಗುತ್ತದೆ. ಅದರ ಮೇಲೆ ನಿಂತು ಒಬ್ಬ ಮನುಷ್ಯ ಹಗಲು ಹೊತ್ತಿನಲ್ಲಿ ಖಾಲಿ ನೀರಿಗೆ ಕೂಗುತ್ತಾನೆ. "ಮೇಲೆ ಬರ್ರೇ! ಬಾಗಿಲು ತೆಗೀತೆ!" ಮೂರು ಸಲ ಕೂಗಿ, ನಡುನಡುವೆ ಕಿವಿಗೊಟ್ಟು ಕಾಯುತ್ತಾನೆ. ನೀರಿನಲ್ಲಿ ನಾಲ್ಕು ಬೆಳ್ಳಕ್ಕಿ ಬಿಟ್ಟರೆ ಒಂದು ನರಪಿಳ್ಳೆಯೂ ಇರುವುದಿಲ್ಲ. ಪರ ಊರಿನವರು ನೋಡಿದರೆ ನಗುತ್ತಾರೆ. ಊರವರು ನಗುವುದಿಲ್ಲ, ಮುಖ ತಿರುಗಿಸಿಕೊಂಡು ಹೋಗುತ್ತಾರೆ.

ಅವನೇ ಲಿಂಗಪ್ಪ. ವಯಸ್ಸು ಐವತ್ತೆಂಟು, ಓದಿದ್ದು ನಾಲ್ಕನೇ ಇಯತ್ತೆ. ಗಜನಿ ಎಂದರೆ ಹೊಳೆಯ ಉಪ್ಪುನೀರು ಬಂದು ಹೋಗುವ ತಗ್ಗಿನ ಗದ್ದೆ. ಮಳೆಗಾಲದಲ್ಲಿ ಅಲ್ಲಿ ಕಗ್ಗ ಎಂಬ ಭತ್ತ, ಉಳಿದ ಕಾಲದಲ್ಲಿ ಸಿಗಡಿ, ಮೀನು. ಸುತ್ತ ಒಡ್ಡು, ಒಡ್ಡಿಗೊಂದು ಬಾಗಿಲು. ಭರತ, ಅಂದರೆ ಉಬ್ಬರ, ಬಂದಾಗ ಯಾವಾಗ ಮುಚ್ಚಬೇಕು, ಇಳಿತಕ್ಕೆ ಎಷ್ಟು ತೆಗೆಯಬೇಕು ಎಂಬುದು ಲಿಂಗಪ್ಪನ ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಅವನಿಗೆ ಬಂದ ಕೆಲಸ. ನೀರಿನ ಬಣ್ಣ ನೋಡಿ ಗಳಿಗೆ ಹೇಳುತ್ತಿದ್ದ. ಆದರೆ ಪ್ಯಾಂಟು ಹಾಕಿದವರು ನಾಲ್ಕು ಜನ ಎದುರು ಕುಳಿತರೆ ಮುಗಿಯಿತು, ಈ ಭೂಪನ ನಾಲಿಗೆ ಅಂಗುಳಿಗೆ ಅಂಟಿಕೊಳ್ಳುತ್ತಿತ್ತು.

ಹುಟ್ಟಿನಿಂದ ಹಾಗಿರಲಿಲ್ಲ. ಹತ್ತು ವರ್ಷದ ಹಿಂದೆ ಶಾಲೆಯ ಜಗಲಿಯಲ್ಲಿ ಒಂದು ಸಭೆ ಆಗಿತ್ತು. ಘಟ್ಟದ ಮೇಲಿನಿಂದ ಬಂದಿದ್ದ ಅಧಿಕಾರಿಯೊಬ್ಬರ ಎದುರು ಲಿಂಗಪ್ಪ ಉಮೇದಿನಲ್ಲಿ ಎದ್ದು ನಿಂತು, "ಸಾಹೇಬ್ರೇ, ನಮ್ಮ ಕಗ್ಗ ಹೆಂಗೆ ಅಂದ್ರೆ..." ಎಂದು ಶುರುಮಾಡಿದ. ಅವರು ಕೈಯೆತ್ತಿ, "ನಿಮ್ಮ ಕಗ್ಗ ಆಮೇಲೆ ಕೇಳೋಣ, ಮೊದಲು ವಿಷಯಕ್ಕೆ ಬನ್ನಿ" ಎಂದರು. ಕಲಿತವರೆಲ್ಲ ಹೋ ಎಂದು ನಕ್ಕರು. ಕಗ್ಗ ಎಂದರೆ ಅವರ ಪುಸ್ತಕದ ಭಾಷೆಯಲ್ಲಿ ತಲೆಬುಡವಿಲ್ಲದ ಮಾತು ಎಂದು ಗಜನಿ ಸಮಿತಿಯ ಮಾಬ್ಲೇಶ್ವರ ಮಾಸ್ತರರು ಆಮೇಲೆ ತಿಳಿಸಿ ಹೇಳಿದರು. ಉಣ್ಣುವ ಅನ್ನದ ಹೆಸರೇ ನಗೆಪಾಟಲಾಯಿತಲ್ಲ ಎಂದು ಲಿಂಗಪ್ಪ ಅವತ್ತು ಊಟ ಬಿಟ್ಟ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಅಲ್ಲಿಂದ ಮುಂದೆ ಸಭೆಯಲ್ಲಿ ಅವನ ಜಾಗ ಕಂಬದ ಹಿಂದೆ, ಅವನ ಕೆಲಸ ಕೋಲೆಬಸವನ ಹಾಗೆ ತಲೆಯಾಡಿಸುವುದು.

ಮೂರು ವರ್ಷದ ಹಿಂದೆ, ನವರಾತ್ರಿ ಕಳೆದ ಮೇಲೆ, ಬಾಗಿಲು ಬದಲಿಸುವ ಮಾತು ಬಂತು. ಹಳೆಯದು ಮರದ್ದು. ಎರಡು ಬದಿಯ ಕಲ್ಲಿನ ಸೀಳಿನಲ್ಲಿ ಒಂದರ ಮೇಲೊಂದು ಇಳಿಸಿದ ಹಲಗೆಗಳು. ಇಳಿತಕ್ಕೆ ಮೇಲಿನ ಹಲಗೆಯಿಂದ ಒಂದೊಂದೇ ತೆಗೆಯಬೇಕು. ನೀರು ಮೇಲಿನಿಂದ ಧೋ ಎಂದು ಬೀಳುತ್ತಿತ್ತು, ಕಿವುಡರಿಗೂ ತಿಳಿಯುತ್ತಿತ್ತು. ಹೊಸದು ಒಂದೇ ಕಬ್ಬಿಣದ ತಗಡು. ಚಕ್ರ ತಿರುಗಿಸಿದರೆ ತಗಡು ಮೇಲೇಳುತ್ತದೆ, ನೀರು ಅಡಿಯಿಂದ ಹೋಗುತ್ತದೆ.

ಇಂಜಿನಿಯರ್ ಗುರುದತ್ತ ಗೋಡೆಯ ಮೇಲೆ ನಕ್ಷೆ ಅಂಟಿಸಿ ಇದನ್ನೆಲ್ಲ ವಿವರಿಸಿದರು. ಮಾತಿಗೆ ಮೂರು ಸಲ "ವೈಜ್ಞಾನಿಕ" ಎನ್ನುತ್ತಿದ್ದರು. ಕಂಬದ ಹಿಂದೆ ಲಿಂಗಪ್ಪನಿಗೆ ಹಳೆಯದೊಂದು ನೆನಪಾಯಿತು. ಅವನು ಹನ್ನೆರಡು ವರ್ಷದವನಿದ್ದಾಗ ಬಾಗಿಲ ಅಡಿಹಲಗೆ ಒಡೆದಿತ್ತು. ನೀರು ಮೇಲೆ ಕನ್ನಡಿಯ ಹಾಗೆ ಸುಮ್ಮನಿತ್ತು, ಅಷ್ಟು ದೂರದಲ್ಲಿ ನಿಂತಿದ್ದ ಎಮ್ಮೆಕರು ಮಾತ್ರ ಕಾಲು ಹಿಡಿದೆಳೆದಂತೆ ಒಳಗೆ ಹೋಗಿತ್ತು. ಅಡಿಯಿಂದ ಬಿಟ್ಟ ನೀರು ಎಳೆಯುತ್ತದೆ, ಮೇಲಿಂದ ಕಾಣುವುದಿಲ್ಲ ಎಂದು ಅಪ್ಪ ಅವತ್ತು ಹೇಳಿದ್ದ. ಇಳಿತದ ಹೊತ್ತಿಗೆ ಊರ ಹೆಂಗಸರು ಬಳಚು ಎಂಬ ಚಿಪ್ಪುಮೀನು ಹೆಕ್ಕಲು ನಿಲ್ಲುವುದು ಅದೇ ಜಾಗದಲ್ಲಿ, ಸೊಂಟಮಟ್ಟದ ನೀರಿನಲ್ಲಿ, ಕಾಲಲ್ಲಿ ಕೆಸರು ತಡಕುತ್ತ.

ಗುರುದತ್ತ ಕೆಟ್ಟವರಲ್ಲ. ಅವರೇ ಕಂಬದ ಕಡೆಗೆ ಬಗ್ಗಿ ನೋಡಿ ಕೇಳಿದರು: "ಲಿಂಗಪ್ಪನವರೇ, ಬಾಗಿಲು ನೋಡಿಕೊಳ್ಳುವವರು ನೀವು. ನಿಮಗೇನನ್ನಿಸುತ್ತದೆ?"

ಇಪ್ಪತ್ತು ತಲೆಗಳು ತಿರುಗಿದವು. ಲಿಂಗಪ್ಪ ಎದ್ದ. ಎಮ್ಮೆಕರುವಿನ ಮಾತು ಗಂಟಲಿಗೆ ಬಂತು. ನಕ್ಷೆಯ ಎದುರು ಎಮ್ಮೆಕರು! ಹಳೆಯ ಆ ನಗೆ ಕಿವಿಯಲ್ಲಿ ಮೊರೆಯಿತು. ಬಾಯಿ ತೆರೆದಾಗ ಹೊರಬಿದ್ದದ್ದು ಬೇರೆಯೇ: "ವೈಜ್ಞಾನಿಕವಾಗಿ ಅದೆ, ಸರ್."

ಯಾರೂ ನಗಲಿಲ್ಲ. ಗುರುದತ್ತ ಮೆಚ್ಚಿ ತಲೆದೂಗಿದರು. ಮಾಸ್ತರರು ಅದನ್ನು ಠರಾವು ಪುಸ್ತಕದಲ್ಲಿ ಬರೆದುಕೊಂಡರು. ಲಿಂಗಪ್ಪ ಮನೆಗೆ ಹೋಗುವಾಗ ಎದೆ ಸೆಟೆಸಿಕೊಂಡೇ ಹೋದ. ನಿಜ ಹೇಳಬೇಕೆಂದರೆ ಅವನು ಜನ್ಮದಲ್ಲಿ ಅಷ್ಟು ಸುಖಪಟ್ಟ ದಿನ ಇನ್ನೊಂದಿಲ್ಲ. ಹೆಂಡತಿ ಗಣಪಿಗೆ ಎರಡು ಸಲ ಹೇಳಿದ. "ಎಂತದೋ ಮಾರಾಯ್ರೇ, ನಂಗೆ ಆ ಶಬ್ದ ಹೇಳೂಕೂ ಬರೂದಿಲ್ಲ" ಎಂದು ಅವಳು ನಕ್ಕಳು.

ಹೊಸ ಬಾಗಿಲು ಬಂದ ಮೂರನೇ ತಿಂಗಳು, ಅಮಾಸೆಯ ದೊಡ್ಡ ಇಳಿತದ ದಿನ, ಮಧ್ಯಾಹ್ನ ಮೂರು ಗಂಟೆಗೆ ಲಿಂಗಪ್ಪ ಚಕ್ರ ತಿರುಗಿಸಿದ. ಸದ್ದಿಲ್ಲ. ನೀರು ಮಲಗಿದಂತಿತ್ತು. ಹೆಂಗಸರಲ್ಲಿ ಬಾಗಿಲ ಕಡೆಗೆ ನಿಂತವಳು ಲಕ್ಕಿ, ವರಸೆಯಲ್ಲಿ ಅವನಿಗೆ ತಂಗಿ. ಅವನತ್ತ ನೋಡಿ ಏನೋ ಹೇಳಲು ಕೈಯೆತ್ತಿದಳು, ಆ ಕೈಯೊಂದೇ ಸ್ವಲ್ಪ ಹೊತ್ತು ನೀರಿನ ಮೇಲಿತ್ತು. ಅವನು ಚಕ್ರವನ್ನು ಹಿಂದಕ್ಕೆ ತಿರುಗಿಸಿದ, ನೀರಿಗೆ ಹಾರಿದ, ಜನ ಸೇರಿದರು. ಮೈ ಸಿಕ್ಕಿದ್ದು ಒಡ್ಡಿನ ಆಚೆ, ಹೊಳೆಯ ಬದಿಗೆ.

ಅವತ್ತಿನಿಂದ ಲಿಂಗಪ್ಪನಿಗೆ ಸುಮ್ಮನಿರುವ ನೀರು ಆಗುವುದಿಲ್ಲ. ತುಂಬಿದ ಕೊಡ ಕಂಡರೆ ಕೈಯಾಡಿಸಿ ಕಲಕುತ್ತಾನೆ. ಉಣ್ಣುವಾಗ, ಬೀಡಿ ಹಚ್ಚುವಾಗ 'ವೈಜ್ಞಾನಿಕ' ಎಂಬ ಆ ಶಬ್ದ ತಾನಾಗಿ ತುಟಿಗೆ ಬರುತ್ತದೆ. ಬಸ್ಸಿನಲ್ಲಿ ಯಾರೋ ಅದನ್ನು ಅಂದರೆಂದು ಹೊನ್ನಾವರಕ್ಕೆ ಹೋಗುವವನು ನಡುದಾರಿಯಲ್ಲಿ ಇಳಿದುಬಿಟ್ಟ. ಚಕ್ರದ ಕೆಲಸ ಮಾತ್ರ ಬಿಡಲಿಲ್ಲ. ಬೇರೆಯವರು ಮುಟ್ಟಲು ಅವನು ಕೊಡುವುದಿಲ್ಲ. ಹೆಂಗಸರು ಈಗ ಆ ಜಾಗಕ್ಕೆ ಇಳಿಯುವುದಿಲ್ಲ, ಆದರೂ ತಿರುಗಿಸುವ ಮೊದಲು ಮೂರು ಸಲ ಕೂಗುತ್ತಾನೆ.

ಮೊನ್ನೆ ಸಂಕ್ರಾಂತಿ ಕಳೆದು ಲಕ್ಕಿಯ ಮಗಳು ವಿನುತಾ ಮನೆಗೆ ಬಂದಳು. ಕುಮಟೆಯಲ್ಲಿ ಬಿ.ಎಸ್ಸಿ. ಕೊನೆಯ ವರ್ಷ ಓದುತ್ತಿದ್ದಾಳೆ. ಠರಾವು ಪುಸ್ತಕದ ನಕಲು ತೆಗೆಸಿ ತಂದಿದ್ದಳು, ಜೊತೆಗೆ ತಾಯಿಯ ಸಾವಿನ ತನಿಖೆ ಆಗಲಿ ಎಂದು ತಾನೇ ಬರೆದ ಒಂದು ಅರ್ಜಿ. ಜಗಲಿಯಲ್ಲಿ ಕುಳಿತು ಬೆರಳಿಟ್ಟು ತೋರಿಸಿದಳು.

"ನೋಡಿ ಮಾವ, ನೀವು 'ಯೋಜನೆ ವೈಜ್ಞಾನಿಕವಾಗಿದೆ' ಅಂದ್ರಿ ಅಂತ ಬರ್ಕಂಡಾರೆ. ನಿಮ್ಮ ಬಾಯಲ್ಲಿ ಈ ಶಬ್ದ ಬರೂಕೆ ಸಾಧ್ಯ ಅದ್ಯಾ? ಹೆಚ್ಚು ಓದದ ಮನಶ್ಯನ ತಲೆಗೆ ಕಟ್ಟಿ ಸಮಿತಿಯವ್ರು ಪಾರಾಗೂದು ನೋಡ್ತಾರೆ. ನಾನು ಹಾಂಗೆ ಹೇಳ್ಲಿಲ್ಲ ಅಂತ ಇದ್ರಲ್ಲಿ ಸಹಿ ಹಾಕಿ, ಸಾಕು."

ಲಿಂಗಪ್ಪ ಅರ್ಜಿಯನ್ನು ನೋಡಿದ. ತಪ್ಪಿಸಿಕೊಳ್ಳಲು ದಾರಿ ತಾನಾಗಿ ನಡೆದು ಬಂದು ಜಗಲಿಯ ಮೇಲೆ ಕುಳಿತಿತ್ತು. ದಡ್ಡ ಎಂದು ಒಪ್ಪಿಕೊಂಡರೆ ಆಯಿತು. ಇಷ್ಟು ವರ್ಷ ಅದಕ್ಕೆ ಹೆದರಿಯೇ ಸತ್ತವನಿಗೆ ಈಗ ಅದೊಂದೇ ರಕ್ಷೆ. ಒಳಗಿನಿಂದ ಗಣಪಿ ಉಸಿರು ಬಿಗಿಹಿಡಿದು ಕೇಳುತ್ತಿದ್ದುದು ಅವನಿಗೆ ಗೊತ್ತಾಯಿತು.

"ನಾನೇ ಹೇಳಿದ್ದು ಮಗಾ" ಎಂದ.

ವಿನುತಾ ನಂಬಲಿಲ್ಲ. "ಅವ್ರು ಬಂದು ಹೆದ್ರಸಿದ್ರಾ? ಹಂಗಾರೆ ವೈಜ್ಞಾನಿಕ ಅಂದ್ರೆ ಎಂತ, ಹೇಳಿ ಕಾಂಬ."

"ಗೊತ್ತಿಲ್ಲ. ಗೊತ್ತಿದ್ದದ್ದು ಬೇರೆ ಇತ್ತು. ಅಡಿಯಿಂದ ಬಿಟ್ರೆ ನೀರು ಎಳೀತದೆ, ಮೇಲಿಂದ ಕಾಣೂದಿಲ್ಲ. ಅದು ಗೊತ್ತಿತ್ತು."

ಹುಡುಗಿ ಕಾಗದವನ್ನು ಕೆಳಗಿಟ್ಟಳು. "ಮತ್ತೆ ಎಂತಕ್ಕೆ ಹೇಳ್ಲಿಲ್ಲ?"

"ಕಲ್ತವರು. ನಗಾಡ್ತ್ರು ಅಂತ."

ಅವಳು ಅಂಗಳದ ಕಡೆಗೆ ಮುಖ ತಿರುಗಿಸಿದಳು. ಅಳುತ್ತಲೇ ಅಂದಳು: "ಅವ್ವಿ ನಿಮ್ಮನ್ನ ನಗಾಡ್ತಿರ್ಲಿಲ್ಲ ಮಾವ. ಅವ್ವಿಗೊಂದು ಹೇಳೂದಾಗಿತ್ತು."

ಲಿಂಗಪ್ಪ ಎರಡೂ ಕೈಯಲ್ಲಿ ಜಗಲಿಯ ಅಂಚು ಹಿಡಿದುಕೊಂಡ. ಮುಂದಿನದನ್ನು ಅವನು ಗಣಪಿಗೂ ಹೇಳಿರಲಿಲ್ಲ.

"ನಿನ್ನ ಅವ್ವಿ ಕೇಳಿತ್ತು" ಎಂದ. "ಬಾಗಿಲು ಕೂರ್ಸಿದ ದಿನವೇ ಕೇಳ್ತು. 'ಅಣ್ಣಾ, ನಾವು ಮೊದ್ಲಿನ ಜಾಗದಲ್ಲೇ ನಿಲ್ಬಹುದಾ?' ಅಂತು. ನಾನು ಅದ್ಕೂ ಆ ಶಬ್ದವೇ ಹೇಳ್ದೆ."