ಸೊನ್ನೆ ಬಂತಾ ಎಂದು ನೋಡದೆ

ಮೊನ್ನೆ ಮಗಳ ಸ್ಕೂಲ್ ಬ್ಯಾಗಿನಿಂದ ಮರದ ಸ್ಕೇಲು ಜಾರಿ ನೆಲಕ್ಕೆ ಬಿತ್ತು. ಆ ಟಕ್ ಸದ್ದಿಗೆ ನನ್ನ ಬಲಗೈ ತಾನಾಗಿ ಬೆನ್ನ ಹಿಂದೆ ಹೋಯಿತು. ನಲವತ್ತು ದಾಟಿದ ಗಂಡಸು ನಾನು. ಮಗಳು ನಕ್ಕಳು.

ಇಪ್ಪತ್ತು ವರ್ಷದ ಹಿಂದೆ ಪಾಂಡವಪುರದಲ್ಲಿ ಸೈಕಲ್ ಶಾಪಿನ ಮೇಲಿನ ಕೋಣೆಯಲ್ಲಿ ಮೇಷ್ಟ್ರು ನಮಗೆ ಮೇನ್‌ಫ್ರೇಮ್ ಎಂಬ ದೊಡ್ಡ ಕಂಪ್ಯೂಟರುಗಳ ಪ್ರೋಗ್ರಾಮಿಂಗ್ ಕಲಿಸುತ್ತಿದ್ದರು. ಕಿಕ್ಕೇರಿಯಿಂದ ದಿನಾ ಬಸ್ಸಿನಲ್ಲಿ ಹೋಗುತ್ತಿದ್ದೆ. ಪ್ರೋಗ್ರಾಮು ಒಂದು ಕಮಾಂಡ್ ಕೊಟ್ಟರೆ ಯಂತ್ರ ಒಂದು ಸಂಖ್ಯೆಯನ್ನು ವಾಪಸ್ ಕೊಡುತ್ತದೆ. ಸೊನ್ನೆ ಬಂದರೆ ಕೆಲಸ ಆಗಿದೆ, ಬೇರೇನು ಬಂದರೂ ಏನೋ ಕೆಟ್ಟಿದೆ. ಅದನ್ನು ನೋಡದೆ ಮುಂದಿನ ಸಾಲಿಗೆ ಹೋದವನ ಬೆರಳ ಗೆಣ್ಣಿಗೆ ಮರದ ಸ್ಕೇಲಿನ ಏಟು. ಚಪ್ಪಟೆಯಾಗಿ ಅಲ್ಲ, ಅದಕ್ಕೆ ಕೂರಿಸಿದ್ದ ಹಿತ್ತಾಳೆ ಪಟ್ಟಿಯ ಅಂಚಿನಿಂದ. ಹೊಡೆಯುವುದರಲ್ಲಿ ಅವರು ಯಾರಿಗೂ ಭೇದ ಮಾಡಿದವರಲ್ಲ...

ಅವರದೊಂದು ಚಾಳಿಯಿತ್ತು. ನಮಗೆ ಹೇಳದೆ, ಏನೂ ಬರೆಯಲಾಗದಂತೆ ಫೈಲನ್ನು ಮುಚ್ಚಿಬಿಡುತ್ತಿದ್ದರು, ನಾವು ನೋಡುತ್ತೇವೋ ಇಲ್ಲವೋ ಎಂದು. ಆವತ್ತು ಅಭ್ಯಾಸಕ್ಕೆಂದು ಕೊಟ್ಟಿದ್ದು ರೋಗಿಗಳ ರಕ್ತದ ಗುಂಪು ಬರೆದಿಡುವ ಪ್ರೋಗ್ರಾಮು. ಫೈಲಿನಲ್ಲಿ ಒಂದಕ್ಷರವೂ ಬಿದ್ದಿರಲಿಲ್ಲ. ನನ್ನ ಪರದೆ ಮಾತ್ರ ‘ದಾಖಲಾಯಿತು’ ಎಂದು ಹಲ್ಲು ಕಿರಿಯುತ್ತಿತ್ತು.

“ಕಮಾಂಡ್ ಕೊಟ್ಬುಟ್ಟು, ಅದೇನಂತು ಅಂತ ನೋಡ್ದಂಗೆ ಓಯ್ತಿಯೇನ್ಲಾ? ಆ ರೋಗಿ ಸತ್ತೋದ ಕಣ್ಲಾ!”

ಏಟು ಬಿತ್ತು. ಮತ್ತೆ ಬಿತ್ತು. ನಾಲ್ಕನೆಯದಕ್ಕೆ ಗೆಣ್ಣು ಒಡೆದು ಕೀಬೋರ್ಡಿನ ಮೇಲೆ ರಕ್ತ ತೊಟ್ಟಿಕ್ಕಿತು. ನನಗೆ ಪಿತ್ತ ನೆತ್ತಿಗೇರಿತು. ಸ್ಕೇಲು ಕಿತ್ತುಕೊಂಡು ಅದೇ ಅಂಚಿನಿಂದ ಅವರ ಮುಖಕ್ಕೆ ಬೀಸಿದೆ. ಎದೆಗೆ ಕೈ ಹಾಕಿ ತಳ್ಳಿದೆ. ಮೇಜಿನ ಮೂಲೆಗೆ ತಲೆ ಬಡಿದ ಸದ್ದು ಕೇಳಿಸಿತು. ತಿರುಗಿ ನೋಡದೆ ಮೆಟ್ಟಿಲಿಳಿದು ಬಸ್ಸು ಹತ್ತಿದೆ. ಸುಳ್ಳೇಕೆ, ಕಿಕ್ಕೇರಿ ಬರುವವರೆಗೂ ಖುಷಿಯಾಗಿಯೇ ಇದ್ದೆ.

ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಅವರು ಕಲಿಸಿದ್ದೇ ನನಗೆ ಅನ್ನ ಹಾಕಿತು. ಈಗ ಕೆ.ಆರ್. ಪೇಟೆಯ ಮನೆಯಲ್ಲೇ ಕೂತು ಬೇರೆಯವರು ಬರೆದ ಪ್ರೋಗ್ರಾಮುಗಳನ್ನು ತಿದ್ದುತ್ತೇನೆ.

ಸ್ಕೇಲು ಬಿದ್ದ ಮಾರನೆಯ ದಿನ ಪಾಂಡವಪುರಕ್ಕೆ ಹೋದೆ. ಮೇಲಿನ ಕೋಣೆಗೆ ಬೀಗ. ಸೈಕಲ್ ಶಾಪಿನವರು ನನ್ನ ಗುರುತು ಹಿಡಿಯಲಿಲ್ಲ.

“ಮೇಷ್ಟ್ರಾ? ತೀರ್ಕೊಂಡು ಮೂರು ವರ್ಸ ಆಯ್ತಲ್ಲ ಸಾ. ಎಡಗಣ್ಣು ಓಗ್ಬುಟ್ಟಿತ್ತು ಪಾಪ, ಬಾಳ ವರ್ಸದಿಂದ. ಎಂಗಾಯ್ತು ಅಂತ ಕೇಳುದ್ರೆ, ಮೆಟ್ಲಲ್ಲಿ ಜಾರ್ಬುಟ್ಟೆ ಅನ್ನೋರು.”

ಹೊಡೆದವನು ನಾನೇ ಎಂದು ಹೇಳಬೇಕಿತ್ತು, ಹೇಳದೆ ಬಸ್ ಸ್ಟ್ಯಾಂಡಿಗೆ ನಡೆದೆ...

ಇವತ್ತೂ ಬೆಳಿಗ್ಗೆಯಿಂದ ಕೂತಿದ್ದೇನೆ. ಪ್ರತಿ ಕಮಾಂಡಿನ ಕೆಳಗೆ ಸೊನ್ನೆ ಬಂತಾ ಎಂದು ನೋಡುವ ಸಾಲು ಇದೆಯೇ ಎಂದು ಹುಡುಕುತ್ತೇನೆ. ಇಲ್ಲದಿದ್ದರೆ ಬರೆದವರಿಂದಲೇ ಬರೆಸುತ್ತೇನೆ, ಬೈಯದೆ. ಆವತ್ತು ಬಿದ್ದ ಮೇಷ್ಟ್ರು ಎದ್ದರೋ ಇಲ್ಲವೋ ಎಂದು ನೋಡಲು ಮಾತ್ರ ನನಗೆ ಇಪ್ಪತ್ತು ವರ್ಷ ಹಿಡಿಯಿತು. ತಪ್ಪಾಯಿತು ಎನ್ನೋಣವೆಂದರೆ ಈಗ ಅವರಿಲ್ಲ.