ಟೊರೊಂಟಾಲ್ ಜಿಲ್ಲೆಯೂ ಕೆಳಮನೆಯ ಅಜ್ಜಿಯೂ

ಟೊರೊಂಟಾಲ್ ಎಂಬ ಜಿಲ್ಲೆ ಇಂದಿನ ಯಾವ ನಕ್ಷೆಯಲ್ಲೂ ಇಲ್ಲ. ಆಗಿನ ಹಂಗೇರಿಯ ದಕ್ಷಿಣದಲ್ಲಿದ್ದ ಅದನ್ನು ಮೊದಲ ಮಹಾಯುದ್ಧ ಗೆದ್ದವರು ಹಂಚಿಹಾಕಿದರು: ದೊಡ್ಡ ಪಾಲು ಮುಂದೆ ಯುಗೊಸ್ಲಾವಿಯಾ ಎನಿಸಿದ ದೇಶಕ್ಕೆ, ಇನ್ನೊಂದು ರೊಮೇನಿಯಾಕ್ಕೆ, ಚೂರೊಂದು ಹಂಗೇರಿಗೇ. ಆ ಜಿಲ್ಲೆಯ ಚರಿತ್ರೆಯ ಮೇಲೆ ಪಿಎಚ್‌ಡಿ ಮಾಡುತ್ತಿರುವ ನನಗೆ ಲಂಡನ್ನಿನ ಹ್ಯಾರೋ ಬಡಾವಣೆಯ ಗ್ರಂಥಾಲಯವೊಂದರಲ್ಲಿ ಉಪನ್ಯಾಸಕ್ಕೆ ಕರೆ ಬಂದಾಗ, ಹಂಚಿದವರ ಮೇಲೆ ಆರೋಪಪಟ್ಟಿಯನ್ನೇ ಬರೆದೆ. ಕರ್ನಾಟಕ ಏಕೀಕರಣದ ಕಥೆ ಕೇಳಿ ಬೆಳೆದವಳು ನಾನು. ಜಿಲ್ಲೆಯೆಂದರೆ ಒಂದು ಭಾಷೆಯ ನೆಲ, ಒಡೆದವನೇ ಅಪರಾಧಿ ಎಂಬುದು ನನಗೆ ಪುರಾವೆ ಬೇಡದ ಸತ್ಯವಾಗಿತ್ತು.

ಪುರಾವೆಯ ಮುಂದೆ ಆ ಸತ್ಯ ನಿಲ್ಲಲಿಲ್ಲ. ಅಲ್ಲಿ ಸರ್ಬಿಯನ್, ಜರ್ಮನ್, ರೊಮೇನಿಯನ್, ಹಂಗೇರಿಯನ್ ಮನೆಮಾತಿನ ಊರುಗಳು ಅಕ್ಕಪಕ್ಕದಲ್ಲಿದ್ದವು. ಜಿಲ್ಲೆ ಒಡೆಯುವ ಮೊದಲೇ ಹಂಗೇರಿಯ ಆಡಳಿತ ಎಷ್ಟೋ ಊರುಗಳ ಹಳೆಯ ಹೆಸರು ಕಿತ್ತು ಹಂಗೇರಿಯನ್ ಹೆಸರು ಅಂಟಿಸಿತ್ತು. ಶಾಲೆಗಳಲ್ಲಿ ತನ್ನ ಭಾಷೆಯನ್ನು ಹೇರತೊಡಗಿತ್ತು. ಇದನ್ನು ಮುಚ್ಚಿಟ್ಟು ಮಿಕ್ಕವರಿಂದ ಉತ್ತರ ಕೇಳುವ ಹಕ್ಕು ನನಗಿರಲಿಲ್ಲ. ಅದನ್ನೂ ಉಪನ್ಯಾಸಕ್ಕೆ ಸೇರಿಸಿದೆ.

ಆದರೆ ಮೊದಲ ಸಾಲಿನಲ್ಲಿ ಕೂರುವವರು ನಮ್ಮ ಕೆಳಗಿನ ಫ್ಲ್ಯಾಟಿನ ಅಜ್ಜಿ. ಅದೇ ಜಿಲ್ಲೆಯಲ್ಲಿ ಹುಟ್ಟಿದ ಹಂಗೇರಿಯನ್ ತಾಯಿಯ ಮಗಳು. ನನಗೆ ಹಂಗೇರಿಯನ್ ಕಲಿಸುತ್ತಿದ್ದವರು. ಲಂಡನ್ನಿನಲ್ಲಿ ನನ್ನವರೆನ್ನಲು ಇದ್ದ ಒಬ್ಬರೇ ಹಿರಿಯರು. ಅವರ ತಾಯಿಯ ತವರನ್ನು ಅವರೆದುರೇ ದೂರಿ, ಅವರನ್ನು ಕಳೆದುಕೊಂಡರೆ?

"ಆ ಭಾಗ ಹಾರಿಸಿಬಿಡು ಮಾರಾಯ್ತಿ," ಎಂದಳು ನನ್ನ ಜೊತೆ ಮನೆ ಹಂಚಿಕೊಂಡಿರುವ ಕುಂದಾಪುರದ ಗೆಳತಿ. "ಯಾರಿಗೆ ಗೊತ್ತಾಗ್ತದೆ?"

"ನನಗೆ."

"ಹಾಗಾದ್ರೆ ಅಜ್ಜಿಯ ಕೇಕಿನ ಆಸೆ ಬಿಡು. ನಿನ್ನಿಂದ ನನ್ನ ಪಾಲೂ ಹೋಯ್ತು."

ಹಾರಿಸಲಿಲ್ಲ. ಸಭೆಯಲ್ಲಿ ಅದನ್ನು ಹೇಳುವಷ್ಟು ಹೊತ್ತೂ ಅಜ್ಜಿಯ ಮುಖ ನೋಡುವ ಧೈರ್ಯ ಮಾತ್ರ ಬರಲಿಲ್ಲ. ಮಾತು ಮುಗಿದೊಡನೆ ಅವರು ಕುರ್ಚಿಯ ಕೈ ಒತ್ತಿ ಎದ್ದರು. ಹೊರಟೇಬಿಟ್ಟರು ಎಂದುಕೊಂಡೆ.

"ನಮ್ಮವರನ್ನು ಬೈದೆ, ಸರಿ," ಎಂದರು, ಇಡೀ ಸಭೆಗೆ ಕೇಳುವಂತೆ. "ಅಮ್ಮನೂ ಅದನ್ನೇ ಹೇಳುತ್ತಿದ್ದಳು, ಮೆಲ್ಲಗೆ. ಆಮೇಲೆ ಆಳಲು ಬಂದವರೂ ಊರುಗಳ ಹೆಸರು ಬದಲಿಸಿದರಲ್ಲ, ಅವರನ್ನೇಕೆ ಬಿಟ್ಟೆ? ಹೆದರಿದೆಯಾ?"

"ಸಮಯ ಸಾಲಲಿಲ್ಲ, ಅಜ್ಜಿ."

"ಬೈಯಲು ಹೊರಟವಳು ಸಮಯದ ನೆಪ ಹೇಳಬಾರದು."

ಸಭೆ ನಕ್ಕಿತು. ಎದೆಯ ಭಾರ ಇಳಿದ ರಭಸಕ್ಕೆ ನಾನೂ ನಕ್ಕೆ, ಕಣ್ಣೊರೆಸಿಕೊಳ್ಳಬೇಕಾಯಿತು. ಬಸ್ ಸ್ಟಾಪಿನವರೆಗೂ ಅಜ್ಜಿ ನನ್ನ ತೋಳು ಹಿಡಿದು, ಬಿಟ್ಟುಹೋದ ತಪ್ಪಿತಸ್ಥರನ್ನು ಒಬ್ಬೊಬ್ಬರಾಗಿ ನೆನಪಿಸುತ್ತ ನಡೆದರು. ಅಷ್ಟು ನೆಮ್ಮದಿಯಿಂದ ನಾನು ಎಂದೂ ಬೈಸಿಕೊಂಡಿರಲಿಲ್ಲ.