ಧೂಳೆಂದು ಅಳಿಸಿದ ಹಚ್ಚೆ

ಹೊಳೆನರಸೀಪುರದಿಂದ ಮೈಸೂರಿಗೆ ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ಹದಿನಾರು ರೂಪಾಯಿ ಟಿಕೆಟ್. ರೈಲು ಬರುವುದಕ್ಕೆ ಮುಕ್ಕಾಲು ಗಂಟೆ ಮೊದಲೇ ಸ್ಟೇಷನ್ನಿನಲ್ಲಿದ್ದೆ. ಕೂರಲಾಗದೆ ಪ್ಲಾಟ್‌ಫಾರಮ್ಮಿನ ಈ ತುದಿಯಿಂದ ಆ ತುದಿಗೆ ಅಡ್ಡಾಡುತ್ತಿದ್ದೆ. ಹೆಗಲಲ್ಲಿ ಕ್ಯಾಮೆರಾ ಬ್ಯಾಗು, ಅದರ ಮೇಲೆ ಎರಡು ಪ್ಲಾಸ್ಟಿಕ್ ಕವರು. ಎರಡು ಸಾವಿರದ ಆರನೇ ಇಸವಿಯ ಫೆಬ್ರವರಿ. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ನಾನು ಹೊರಟಿದ್ದು ಒಂದು ತಪ್ಪನ್ನು ಸರಿಪಡಿಸಲು. ಸರಿಹೋಗುತ್ತದೆಂಬ ಧೈರ್ಯ ಮಾತ್ರ ಇರಲಿಲ್ಲ.

ನಮ್ಮೂರಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ. ಹಿಂದಿನ ವರ್ಷ ರೀಲಿಗೆ ಕೈಮುಗಿದು ಡಿಜಿಟಲ್ ಕ್ಯಾಮೆರಾ ಕೊಂಡಿದ್ದೆ. ನವೆಂಬರಿನಲ್ಲಿ ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಪುಟ್ಟಸ್ವಾಮಿ ಎಂಬುವರ ಗೃಹಪ್ರವೇಶಕ್ಕೆ ಫೋಟೋ ತೆಗೆಯಲು ಹೋಗಿದ್ದೆ. ಅವರ ತಾಯಿ ನಿಂಗಮ್ಮನವರು, "ನನ್ನದೊಂದು ಒಂಟಿ ಫೋಟೋ ಇಡಿ ಮಗಾ, ಸತ್ತ ಮ್ಯಾಕೆ ಗೋಡೆಗೆ ನೇತಾಕಕ್ಕೆ" ಎಂದಿದ್ದರು. ಮನೆ ಮುಂದೆ ಇನ್ನೂ ಮರಳಿನ ರಾಶಿ, ಸಿಮೆಂಟಿನ ಚೀಲ. ನಾನು ಮಹಾ ಬುದ್ಧಿವಂತ, ಅಲ್ಲೇ ನಿಂತು ಲೆನ್ಸ್ ಬದಲಾಯಿಸಿದ್ದೆ.

ಊರಿಗೆ ಬಂದು ಕಂಪ್ಯೂಟರಿನಲ್ಲಿ ನೋಡಿದರೆ ಎಲ್ಲ ಫೋಟೋಗಳಲ್ಲೂ ಅದದೇ ಜಾಗದಲ್ಲಿ ಕಪ್ಪು ಚುಕ್ಕೆಗಳು. ರೀಲು ಇರಬೇಕಾದ ಜಾಗದಲ್ಲಿ ಅಂಚೆಚೀಟಿಯಷ್ಟಗಲದ ಸೆನ್ಸರ್ ಇರುತ್ತದೆ. ಲೆನ್ಸ್ ಬಿಚ್ಚಿದಾಗ ಅದರ ಮೇಲೆ ಧೂಳು ಕೂತರೆ ತೆಗೆದ ಪ್ರತಿ ಫೋಟೋದಲ್ಲೂ ಬಂದು ಕೂರುತ್ತದೆ. ಎರಡು ದಿನ ಕಂಪ್ಯೂಟರ್ ಮುಂದೆ ಕೂತು ಕಂಡ ಕಂಡ ಚುಕ್ಕೆಯನ್ನೆಲ್ಲ ಅಳಿಸಿದೆ. ಆ ಭರದಲ್ಲಿ ನಿಂಗಮ್ಮನವರ ಹಣೆ, ಗದ್ದದ ಮೇಲಿದ್ದ ಹಚ್ಚೆಯ ಚುಕ್ಕೆಗಳನ್ನೂ ಧೂಳೆಂದು ಅಳಿಸಿಬಿಟ್ಟಿದ್ದೆ.

ಕಟ್ಟು ಹಾಕಿಸಿದ ಫೋಟೋ ತಲುಪಿದ ವಾರಕ್ಕೆ ಪುಟ್ಟಸ್ವಾಮಿಯ ಫೋನು ಬಂತು. "ಸಾರ್, ನಮ್ಮವ್ವ ಫೋಟೋನ ಗೋಡೆ ಕಡೆ ತಿರುಗ್ಸಿ ಇಟ್ಬುಟ್ಟವ್ರೆ. ಇದ್ಯಾವಳೋ ಬ್ಯಾರೆಯವಳು, ನಾನಲ್ಲ ಅಂತಾರೆ." ನಾನು ಮೂಲ ಫೋಟೋ ಉಳಿಸಿರಲಿಲ್ಲ. ಚುಕ್ಕೆ ಮತ್ತೆ ಇಟ್ಟುಕೊಡೋಣವೆಂದರೆ ಎಷ್ಟಿದ್ದವು, ಎಲ್ಲಿದ್ದವು ನೆನಪಿಲ್ಲ. ಅಷ್ಟು ಹೊತ್ತು ಎದುರಿಗೆ ಕೂರಿಸಿಕೊಂಡು ಆ ಮುಖವನ್ನು ನಾನು ನೋಡಿಯೇ ಇರಲಿಲ್ಲ. ನಾಚಿಕೆಯಾಯಿತು. ಇನ್ನೊಮ್ಮೆ ತೆಗೆಯಬೇಕು, ಅದಕ್ಕೆ ಮೊದಲು ಧೂಳು ಹೋಗಬೇಕು; ಇಲ್ಲದಿದ್ದರೆ ಯಾವುದು ಧೂಳು, ಯಾವುದು ಹಚ್ಚೆ ಎಂದು ಮತ್ತೆ ಅದೇ ಪಾಡು.

ರೈಲು ಕೃಷ್ಣರಾಜನಗರದಲ್ಲಿ ಹತ್ತು ನಿಮಿಷ ನಿಂತಿತು. ವಡೆ ಕೊಂಡೆ, ಅರ್ಧ ತಿಂದು ಬಿಟ್ಟೆ. ಕಿಟಕಿಯಿಂದ ಗಾಳಿ ಬಂದಾಗಲೆಲ್ಲ ಬ್ಯಾಗನ್ನು ಮಗುವಿನಂತೆ ಎದೆಗೆ ಅವುಚಿಕೊಳ್ಳುತ್ತಿದ್ದೆ. ಎದುರಿಗೆ ಕೂತಿದ್ದವರು ಒಳಗೆ ಚಿನ್ನ ಇದೆಯೆಂದುಕೊಂಡಿರಬೇಕು.

ಹತ್ತೂವರೆಗೆ ಮೈಸೂರು ಮುಟ್ಟಿದೆ. ಎರಡು ಸ್ಟುಡಿಯೋದವರು ತಲೆಯಾಡಿಸಿ, ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ಕ್ಯಾಮೆರಾ ರಿಪೇರಿ ಮಾಡುವ ವಯಸ್ಸಾದ ಸಾಹೇಬರೊಬ್ಬರ ಬಳಿ ಕಳಿಸಿದರು. ಅವರು ಲೆನ್ಸ್ ಬಿಚ್ಚಿ ಒಳಗೆ ಇಣುಕಿದರು.

"ಬಾಯಲ್ಲಿ ಊದಿದ್ರಾ?"

"ಒಂದೇ ಒಂದು ಸಲ."

"ಎಲ್ಲಾರೂ ಒಂದೇ ಸಲ ಅಂತಾರೆ. ಎಂಜಲು ಹಾರಿದೆ ನೋಡಿ. ನಂದು ಶಟರ್, ಸ್ಪ್ರಿಂಗಿನ ಕೆಲಸ. ಇದಕ್ಕೆ ಕೈ ಹಾಕೋಲ್ಲ. ಒಂದು ಗೆರೆ ಬಿದ್ರೆ ಕ್ಯಾಮೆರಾನೇ ಹೋಯ್ತು. ಬೆಂಗಳೂರಿಗೆ ಕಳಿಸಿ, ಮೂರು ವಾರ ಆಗುತ್ತೆ."

"ಆಗಲ್ಲ ಸಾಹೇಬ್ರೇ, ಇವತ್ತೇ ಬೇಕು. ವಯಸ್ಸಾದವರು ಬೇಜಾರು ಮಾಡ್ಕೊಂಡು ಕೂತಿದಾರೆ."

ಅವರು ನನ್ನ ಮುಖ ನೋಡಿ, ಗಾಳಿ ಒತ್ತುವ ರಬ್ಬರಿನ ಬುರುಡೆಯೊಂದನ್ನು ಮೇಜಿನ ಮೇಲಿಟ್ಟರು. ಅರವತ್ತು ರೂಪಾಯಿ. "ಆಗ ತಾನೇ ಬಿಸಿನೀರು ಸ್ನಾನ ಆಗಿರೋ ಬಚ್ಚಲಿಗೆ ಹೋಗಿ. ಹಬೆಗೆ ಧೂಳೆಲ್ಲ ಕೆಳಗೆ ಕೂತಿರುತ್ತೆ. ಕ್ಯಾಮೆರಾ ಬೋರಲು ಹಿಡಿದು ಕೆಳಗಿಂದ ಇದನ್ನ ಒತ್ತಿ. ಸೆನ್ಸರ್ ಮಾತ್ರ ಮುಟ್ಟಬೇಡಿ."

ಸಿಟಿ ಬಸ್ಸಿನಲ್ಲಿ ಸೀಟಿದ್ದರೂ ನಿಂತೇ ಹೋದೆ. ಕುಂಬಾರಕೊಪ್ಪಲಿನ ಮನೆಯಲ್ಲಿ ಪುಟ್ಟಸ್ವಾಮಿ ಕೆಲಸಕ್ಕೆ ಹೋಗಿದ್ದರು. ಅವರ ಹೆಂಡತಿ ಜಯಮ್ಮ ಬಾಗಿಲು ತೆಗೆದರು. ನಿಂಗಮ್ಮನವರು ನಡುಮನೆಯಲ್ಲಿ ಚಾಪೆಯ ಮೇಲೆ ಕೂತಿದ್ದರು; ನನ್ನನ್ನು ನೋಡಿದ್ದೇ ಮುಖ ತಿರುಗಿಸಿದರು. ನಾನು ಕ್ಷಮೆ ಕೇಳುವುದು ಬಿಟ್ಟು, "ಅಮ್ಮಾ, ಬಚ್ಚಲು ಎಲ್ಲಿದೆ?" ಎಂದೆ.

"ಅತ್ತೆ ಈಗಿನ್ನೂ ನೀರು ಉಯ್ಕೊಂಡ್ರು, ಒದ್ದೆ ಐತೆ" ಎಂದರು ಜಯಮ್ಮ.

"ಅಂಥದ್ದೇ ಬೇಕಿತ್ತು" ಎಂದು ಒಳಗೆ ಹೋಗಿ ಅಗಳಿ ಹಾಕಿಕೊಂಡೆ.

ಅಂಗಿಯ ಧೂಳೂ ಬೇಡವೆಂದು ಅಂಗಿ ಬಿಚ್ಚಿದೆ. ಕ್ಯಾಮೆರಾ ಬೋರಲು ಹಿಡಿದು ಬುರುಡೆ ಒತ್ತಿದೆ. ಬಿಳಿ ಟೈಲ್ಸಿನ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದೆ: ಏಳು ಚುಕ್ಕೆ. ಮತ್ತೆ ಒತ್ತಿದೆ, ನಾಲ್ಕು. ಬೆವರು ಕ್ಯಾಮೆರಾದೊಳಗೆ ಸಿಡಿದೀತೆಂದು ಭಯ. ಹೊರಗೆ ನಿಂಗಮ್ಮನವರ ದನಿ ಕೇಳಿತು: "ಅರ್ಧ ಗಂಟೆ ಆಯ್ತಲ್ಲೇ ಒಳೀಕೋಗಿ. ಒಟ್ಟೆ ಕೆಟ್ಟೈತೇನೋ ಪಾಪ, ಮಜ್ಜಿಗೆ ಕಲಸು." ಕೊನೆಗೆ ಒಂದೇ ಚುಕ್ಕೆ ಉಳಿಯಿತು. ಅದು ಮಾತ್ರ ಜಪ್ಪಯ್ಯ ಅಂದರೂ ಕದಲಲಿಲ್ಲ. ನನ್ನ ಎಂಜಲೇ ಇರಬೇಕು.

ಹೊರಗೆ ಬಂದು, ಕೊಟ್ಟ ಮಜ್ಜಿಗೆ ಕುಡಿದು, ನಿಂಗಮ್ಮನವರ ಎದುರು ನೆಲಕ್ಕೆ ಕೂತು ಎಲ್ಲ ಹೇಳಿದೆ. ಅವರು ಸೆರಗು ಸರಿಸಿ ಗದ್ದ ಮುಂದೆ ಮಾಡಿದರು.

"ಎಣಿಸ್ಕೋ ಮೊದ್ಲು."

ಗದ್ದದ ಮೇಲೆ ಮೂರು. ಹುಬ್ಬುಗಳ ನಡುವೆ ಒಂದು.

"ಏಳು ವರ್ಸದವಳು ನಾನು. ಹಚ್ಚೆ ಆಕೋಳು ಸೂಜಿ ಚುಚ್ತಾ ಇದ್ರೆ ನಮ್ಮವ್ವ ನನ್ ಕಾಲು ಅದುಮ್ಕೊಂಡು ಕುಂತಿದ್ಲು. ಮೂರು ದಿನ ಗಂಜಿನೂ ಇಳೀಲಿಲ್ಲ. ಸತ್ರೆ ಓಲೆ, ಮೂಗುಬಟ್ಟು ಎಲ್ಲಾ ಬಿಚ್ಕೊತಾರೆ ಕಣಪ್ಪ, ಇದೊಂದೇ ಜೊತೇಗ್ ಬರದು. ನೀನು ಸುಮ್ಕೆ ಒರೆಸ್ಬುಟ್ಯಲ್ಲ!"

ಬಾಗಿಲ ಬೆಳಕಿಗೆ ಅವರನ್ನು ಕೂರಿಸಿದೆ. ಉಳಿದ ಚುಕ್ಕೆ ಹಿಂದಿನ ಗೋಡೆಯ ಮೇಲೆ ಬೀಳುವಂತೆ ಲೆಕ್ಕ ಹಾಕಿ ಕ್ಯಾಮೆರಾ ಹಿಡಿದೆ. ನಾಲ್ಕು ಫೋಟೋ ತೆಗೆದೆ, ನಾಲ್ಕರಲ್ಲೂ ಪೊಲೀಸರ ಮುಂದೆ ಕೂತ ಹಾಗೆ ಬಿಗಿದುಕೊಂಡಿದ್ದರು. ಐದನೆಯದಕ್ಕೆ ಜಯಮ್ಮ ಒಳಗಿನಿಂದ, "ಸಾರ್, ನಿಮ್ ಅಂಗಿ ಗುಂಡಿ ಮೇಲೆ ಕೆಳಗೆ ಆಗೈತೆ" ಎಂದರು. ನಿಂಗಮ್ಮನವರು ನಕ್ಕು ಪಕ್ಕಕ್ಕೆ ವಾಲಿದರು. ನಾನು ಒತ್ತಿಬಿಟ್ಟೆ.

ಅದೇ ಚೆನ್ನಾಗಿ ಬಂದಿತ್ತು. ಪರದೆಯ ಮೇಲೆ ಮುಖ ದೊಡ್ಡದು ಮಾಡಿ ತೋರಿಸಿದೆ. ಅವರು ಬೆರಳಿಟ್ಟು ಎಣಿಸಿದರು. ನಾಲ್ಕಾದ ಮೇಲೂ ಬೆರಳು ನಿಲ್ಲಲಿಲ್ಲ.

"ಈ ಕೆನ್ನೆ ಮೇಲಿಂದು ಯಾರ್ದು?"

"ನಂದು ಅವ್ವಾ. ಧೂಳು. ವಾಲಿದ್ರಲ್ಲ, ಮುಖದ ಮೇಲೆ ಬಂದ್ಬಿಟ್ಟಿದೆ. ಊರಿಗೋಗಿ ಅದೊಂದನ್ನ ಅಳಿಸಿ..."

"ಅಳಿಸೀಯೆ!" ಎಂದು ನನ್ನ ಮಣಿಕಟ್ಟು ಹಿಡಿದುಕೊಂಡರು. "ಒಂದು ಅಳಿಸಾಕೆ ಕುಂತ್ರೆ ನೀನು ನಿಲ್ಲೋನಲ್ಲ. ಇರ್ಲಿ ಬುಡು." ಇನ್ನೊಮ್ಮೆ ಪರದೆ ನೋಡಿದರು. "ಇದು ನೋವೇ ಆಗ್ಲಿಲ್ಲ ನೋಡು."

ಸಂಜೆಯ ರೈಲಿಗೆ ಹೊತ್ತಾಗುತ್ತಿತ್ತು. ಗೇಟು ದಾಟಿ ತಿರುಗಿ ನೋಡಿದೆ. ನಿಂಗಮ್ಮನವರು ಸೊಸೆಯನ್ನು ಹತ್ತಿರ ಕರೆದು, ತಮ್ಮ ಬರಿಗೆನ್ನೆಯ ಮೇಲೆ ಬೆರಳಿಟ್ಟು, ಹೊಸ ಹಚ್ಚೆ ಎಲ್ಲಿದೆಯೆಂದು ತೋರಿಸುತ್ತಿದ್ದರು.